ಉಸಿರಿನ ಕಾವಲುಗಾರ

ಬೇಸಗೆಯ ರಜೆ ಬಂತೆಂದರೆ ಹಳ್ಳಿಯ ಬಾವಿಗಳಲ್ಲಿಯೂ ಪಟ್ಟಣದ ಈಜುಕೊಳಗಳಲ್ಲಿಯೂ ಹುಡುಗರು ಒಂದು ಪಂದ್ಯವನ್ನು ಹೂಡುವುದುಂಟು. ನೀರಿನಲ್ಲಿ ಮುಳುಗಿ ಯಾರು ಹೆಚ್ಚು ಹೊತ್ತು ಇರಬಲ್ಲರು ಎಂಬುದು ಪಂದ್ಯ. ದಡದಲ್ಲಿ ಕುಳಿತವರು ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುತ್ತಾರೆ. ಮುಳುಗಿದವನು ಐವತ್ತೋ ಅರವತ್ತೋ ಎಣಿಸುವಷ್ಟರಲ್ಲಿ ಮೇಲೆದ್ದು ಬಂದು ಏದುಸಿರು ಬಿಡುತ್ತಾನೆ. ಇವರಲ್ಲಿ ಯಾವನಾದರೊಬ್ಬ ಜಾಣ ಒಂದು ಉಪಾಯವನ್ನು ಕಂಡುಕೊಂಡಿರುತ್ತಾನೆ. ಮುಳುಗುವ ಮುನ್ನ ಹತ್ತಿಪ್ಪತ್ತು ಸಲ ರಭಸದಿಂದ ಆಳವಾಗಿ ಉಸಿರಾಡಿ, ಆಮೇಲೆ ಮುಳುಗಿದರೆ, ಎಣಿಕೆ ನೂರರ ಹತ್ತಿರಕ್ಕೆ ಬಂದರೂ ಅವನಿಗೆ ಉಸಿರು ಕಟ್ಟಿದಂತಾಗುವುದಿಲ್ಲ. ‘ಎದೆಯ ತುಂಬ ಆಮ್ಲಜನಕವನ್ನು ತುಂಬಿಕೊಂಡಿದ್ದೆ’ ಎಂದು ಅವನು ವಿವರಣೆ ಕೊಡುತ್ತಾನೆ. ಕೇಳಿದವರು ಒಪ್ಪುತ್ತಾರೆ. ಆದರೆ ಈ ವಿವರಣೆ ತಪ್ಪು. ಪ್ರಾಣಕ್ಕೇ ಎರವಾಗುವಂಥ ತಪ್ಪು. ಅದು ಹೇಗೆಂಬುದನ್ನು ತಿಳಿಯಬೇಕಾದರೆ, ನಮ್ಮ ಉಸಿರಾಟವನ್ನು ನಡೆಸುತ್ತಿರುವವರು ಯಾರು, ಅವರು ಯಾವುದನ್ನು ನೋಡಿಕೊಂಡು ಅದನ್ನು ನಡೆಸುತ್ತಾರೆ ಎಂಬ ಎರಡು ಸಂಗತಿಗಳನ್ನು ಮೊದಲು ವಿಚಾರಿಸಬೇಕು.

ಸುಮ್ಮನೆ ಕುಳಿತಿರುವ ವಯಸ್ಕನೊಬ್ಬನು ನಿಮಿಷಕ್ಕೆ ೧೨ರಿಂದ ೧೬ ಸಲ ಉಸಿರಾಡುತ್ತಾನೆ. ಒಂದೊಂದು ಸಲವೂ ಒಳಗೆ ಹೋಗಿ ಹೊರಗೆ ಬರುವ ಗಾಳಿ ಸುಮಾರು ಅರ್ಧ ಲೀಟರು. ಈ ಲೆಕ್ಕದಲ್ಲಿ ದಿನವೊಂದಕ್ಕೆ ಸುಮಾರು ೨೦,೦೦೦ ಉಸಿರುಗಳಾದುವು. ಹೃದಯದ ಬಡಿತದಂತೆ ಇದೂ ತನ್ನಷ್ಟಕ್ಕೆ ತಾನೇ ನಡೆಯುವ ವ್ಯಾಪಾರವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಇವೆರಡಕ್ಕೂ ಬಹು ದೊಡ್ಡ ಅಂತರವಿದೆ. ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿ ತಕ್ಕ ಲವಣದ ದ್ರಾವಣದಲ್ಲಿಟ್ಟರೂ ಅದು ಬಹಳ ಹೊತ್ತು ಬಡಿಯುತ್ತಲೇ ಇರುತ್ತದೆ. ಅದರ ತಾಳ ಅದರೊಳಗೇ ಇದೆ. ಶ್ವಾಸಕೋಶಕ್ಕೆ ಅಂಥ ಸ್ವಂತ ತಾಳವಿಲ್ಲ. ಅದು ಹಿಗ್ಗಿಸಿದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಚೀಲ. ಹಿಗ್ಗಿಸುವ ಕೆಲಸ ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಹರಡಿಕೊಂಡಿರುವ ವಪೆಯದು ಮತ್ತು ಪಕ್ಕೆಲುಬುಗಳ ನಡುವಣ ಸ್ನಾಯುಗಳದು. ಈ ಸ್ನಾಯುಗಳು ನಮ್ಮ ತೋಳಿನ ಸ್ನಾಯುಗಳ ಜಾತಿಗೇ ಸೇರಿದವು. ನರದ ಮೂಲಕ ಆಜ್ಞೆ ಬಂದರೆ ಸೆಡೆಯುತ್ತವೆ, ಬಾರದಿದ್ದರೆ ಸುಮ್ಮನಿರುತ್ತವೆ. ಎಂದಮೇಲೆ ದಿನದ ಈ ೨೦,೦೦೦ ಉಸಿರುಗಳಲ್ಲಿ ಒಂದೊಂದಕ್ಕೂ ಮೇಲಿನಿಂದ ಒಂದು ಅಪ್ಪಣೆ ಇಳಿದು ಬರಲೇಬೇಕು.

ಅಪ್ಪಣೆ ಇಳಿದು ಬರುವ ದಾರಿಯೂ ವಿಚಿತ್ರವಾದುದೇ. ವಪೆ ಇರುವುದು ಎದೆಗೂಡಿನ ತಳದಲ್ಲಿ. ಆದರೆ ಅದರ ನರ ಹೊರಡುವುದು ಕುತ್ತಿಗೆಯಲ್ಲಿ, ಮಿದುಳುಬಳ್ಳಿಯ ಮೂರು, ನಾಲ್ಕು ಮತ್ತು ಐದನೆಯ ಕತ್ತಿನ ಖಂಡಗಳಿಂದ. ಭ್ರೂಣದಲ್ಲಿ ವಪೆ ಮೊದಲು ಮೂಡುವುದು ಕುತ್ತಿಗೆಯ ಬಳಿಯಲ್ಲಿ. ಆಮೇಲೆ ಅದು ಕೆಳಕ್ಕೆ ಸರಿಯುತ್ತ ತನ್ನ ನರವನ್ನೂ ಎಳೆದುಕೊಂಡು ಹೋಗುತ್ತದೆ. ಹಳೆಯ ಮನೆಯ ವಿಳಾಸವನ್ನು ಅದು ಇನ್ನೂ ಬಿಟ್ಟಿಲ್ಲ ಎನ್ನಬಹುದು. ಮರದಿಂದ ಬಿದ್ದು ಎದೆಯ ಮಟ್ಟದಲ್ಲಿ ಮಿದುಳುಬಳ್ಳಿ ಮುರಿದವನಿಗೆ ಕಾಲುಗಳು ನಿಶ್ಚೇಷ್ಟಿತವಾದರೂ ಉಸಿರು ನಿಲ್ಲುವುದಿಲ್ಲ; ಕತ್ತಿನ ಮೇಲ್ಭಾಗದಲ್ಲಿ ಮುರಿದವನಿಗೆ ಅಲ್ಲಿಯೇ ನಿಲ್ಲುತ್ತದೆ. ಕುತ್ತಿಗೆಗೆ ಪೆಟ್ಟು ಬಿದ್ದವರನ್ನು ಕಂಡ ಕಂಡವರು ಎತ್ತಿ ಕೂರಿಸಬಾರದೆಂದು ವೈದ್ಯರು ಎಚ್ಚರಿಸುವುದಕ್ಕೆ ಇದೂ ಒಂದು ಕಾರಣ.

ಅಪ್ಪಣೆ ಹೊರಡುವ ಠಾವು ಯಾವುದು? ಫ್ರಾನ್ಸಿನ ವೈದ್ಯನಾದ ಲೆಗಾಲ್ವಾ ಎಂಬವನು ೧೮೧೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಅವನು ಮೊಲಗಳ ಮಿದುಳನ್ನು ಮುಂಭಾಗದಿಂದ ಹಿಂದಕ್ಕೆ ಪದರ ಪದರವಾಗಿ ಕೊಯ್ಯುತ್ತ ಹೋದನು. ಈ ಪ್ರಯೋಗವನ್ನು ಇಂದು ಓದುವುದಕ್ಕೂ ಮನಸ್ಸು ಹಿಂಜರಿಯುತ್ತದೆ. ಆದರೂ ಅದರಿಂದ ದೊರೆತ ತಿಳಿವಳಿಕೆ ದೊಡ್ಡದು. ದೊಡ್ಡ ಮಿದುಳನ್ನು ತೆಗೆದರೂ ಉಸಿರಾಟ ನಿಲ್ಲಲಿಲ್ಲ. ಕಿರುಮಿದುಳನ್ನು ತೆಗೆದರೂ ನಿಲ್ಲಲಿಲ್ಲ. ಮಿದುಳು ಮಿದುಳುಬಳ್ಳಿಯನ್ನು ಕೂಡುವ ಎಡೆಯಲ್ಲಿರುವ ಮೆಡುಲ್ಲಾ ಎಂಬ ಭಾಗದಲ್ಲಿ, ವೇಗಸ್ ನರ ಹುಟ್ಟುವ ಸ್ಥಳದ ಹತ್ತಿರ, ಕತ್ತಿ ತಾಗಿದೊಡನೆ ನಿಂತುಹೋಯಿತು.

ಆ ಠಾವನ್ನು ಇನ್ನೂ ಖಚಿತವಾಗಿ ಗುರುತಿಸುವುದಕ್ಕೆ ಮತ್ತೆ ನೂರೆಂಬತ್ತು ವರ್ಷ ಹಿಡಿಯಿತು. ಜೆಫ್ರಿ ಸ್ಮಿತ್, ಜ್ಯಾಕ್ ಫೆಲ್ಡ್‌ಮನ್ ಮತ್ತು ಅವರ ಸಂಗಡಿಗರು ೧೯೯೧ರಲ್ಲಿ ಆಗತಾನೆ ಹುಟ್ಟಿದ ಇಲಿಯ ಮೆಡುಲ್ಲಾದಿಂದ ಮಿಲಿಮೀಟರಿಗಿಂತಲೂ ತೆಳುವಾದ ಒಂದು ಹಲ್ಲೆಯನ್ನು ಕೊಯ್ದು ಬಟ್ಟಲಿನಲ್ಲಿ ಜೀವಂತವಾಗಿಟ್ಟರು. ಶ್ವಾಸಕೋಶವಿಲ್ಲ, ಎದೆಯಿಲ್ಲ, ದೇಹವೇ ಇಲ್ಲ. ಆದರೂ ಆ ಹಲ್ಲೆಯ ನರಕೋಶಗಳು ಉಸಿರಾಟದ ತಾಳಕ್ಕೆ ತಕ್ಕಂತೆ ವಿದ್ಯುತ್ ಮಿಡಿತಗಳನ್ನು ಹೊರಡಿಸುತ್ತಲೇ ಇದ್ದವು. ಒಂದಿಷ್ಟು ಕೋಶಗಳು ಒಂದನ್ನೊಂದು ಕೆರಳಿಸುತ್ತ, ಕೆರಳಿಕೆ ಏರುತ್ತ ಏರುತ್ತ ಒಮ್ಮೆಗೇ ಸಿಡಿದು, ದಣಿದು ತಣ್ಣಗಾಗಿ, ಮತ್ತೆ ಮೊದಲಿನಿಂದ ಆರಂಭಿಸುತ್ತವೆ. ಪ್ರತಿ ಸಿಡಿತಕ್ಕೂ ಒಂದು ಉಸಿರು. ಕೆಲವು ಸಾವಿರ ಕೋಶಗಳ ಈ ಗುಂಪಿಗೆ ಪ್ರೀ-ಬೋಟ್ಜಿಂಗರ್ ಎಂದು ಹೆಸರು. ಬೋಟ್ಜಿಂಗರ್ ಯಾವ ಮಹಾವಿಜ್ಞಾನಿಯೋ ಎಂದು ವಾಚಕರು ವಿಶ್ವಕೋಶವನ್ನು ಹುಡುಕುವುದು ಬೇಡ. ೧೯೭೮ರಲ್ಲಿ ಜರ್ಮನಿಯಲ್ಲಿ ನಡೆದ ಒಂದು ಸಭೆಯಲ್ಲಿ ಊಟದ ಮೇಜಿನ ಮೇಲಿದ್ದ ದ್ರಾಕ್ಷಾರಸದ ಸೀಸೆಯ ಚೀಟಿಯಲ್ಲಿ ಆ ಹೆಸರಿತ್ತು. ಫೆಲ್ಡ್‌ಮನ್ನರು ಅದನ್ನೇ ನೆರೆಯ ನರಕೋಶಗಳ ಗುಂಪೊಂದಕ್ಕೆ ಇಟ್ಟರು.

ತಾಳ ಹುಟ್ಟುವ ಎಡೆ ಗೊತ್ತಾಯಿತು. ಆದರೆ ತಾಳವೊಂದೇ ಸಾಲದು. ಮೆಟ್ಟಲು ಹತ್ತುವಾಗ ಹೆಚ್ಚು ಗಾಳಿ ಬೇಕು, ಮಲಗಿದಾಗ ಕಡಮೆ ಸಾಕು. ಎಷ್ಟು ಬೇಕೆಂಬುದು ಮೆಡುಲ್ಲಾಕ್ಕೆ ತಿಳಿಯುವ ಬಗೆ ಹೇಗೆ? ನಮ್ಮ ತರಗತಿಗಳಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿಗಳು ‘ಆಮ್ಲಜನಕ ಕಡಮೆಯಾದರೆ ಅದಕ್ಕೆ ತಿಳಿಯುತ್ತದೆ’ ಎನ್ನುತ್ತಾರೆ. ಉಸಿರಾಡುವುದು ಆಮ್ಲಜನಕಕ್ಕಾಗಿಯೇ ಆದುದರಿಂದ ಈ ಉತ್ತರ ಸಹಜವೇ ಸರಿ. ಆದರೆ ನಿಸರ್ಗ ಬೇರೆಯ ದಾರಿಯನ್ನು ಹಿಡಿದಿದೆ.

ಇದನ್ನು ನಿಸ್ಸಂದೇಹವಾಗಿ ತೋರಿಸಿಕೊಟ್ಟವರು ಆಕ್ಸ್‌ಫರ್ಡಿನ ಜೆ. ಎಸ್. ಹಾಲ್ಡೇನ್ ಮತ್ತು ಜೆ. ಜಿ. ಪ್ರೀಸ್ಟ್ಲಿ. ಉಸಿರನ್ನು ಪೂರ್ತಿಯಾಗಿ ಹೊರದೂಡಿದಾಗ ಕೊನೆಯಲ್ಲಿ ಬರುವ ಗಾಳಿ ಶ್ವಾಸಕೋಶದ ತೀರ ಒಳಗಿನ ಗಾಳಿಗೂಡುಗಳಿಂದ ಬಂದದ್ದು. ರಕ್ತಕ್ಕೆ ತಾಗಿಕೊಂಡಿರುವುದು ಆ ಗಾಳಿಯೇ. ಅದನ್ನು ಉದ್ದನೆಯ ಕೊಳವೆಯಲ್ಲಿ ಹಿಡಿದು ಪರೀಕ್ಷಿಸುವ ಸರಳ ವಿಧಾನವನ್ನು ಇವರು ರೂಪಿಸಿದರು. ಆಮೇಲೆ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಮೇಲೆ, ಕಾರ್ನ್‌ವಾಲ್ ಪ್ರಾಂತದ ಡಾಲ್ಕೋತ್ ಗಣಿಯ ತಳದಲ್ಲಿ, ಒತ್ತಿದ ಗಾಳಿಯ ಉಕ್ಕಿನ ಕೋಣೆಯಲ್ಲಿ, ಹೀಗೆ ವಾಯುಭಾರ ಬೇರೆ ಬೇರೆಯಾಗಿರುವ ಸ್ಥಳಗಳಲ್ಲಿ ಆ ಗಾಳಿಯನ್ನು ಅಳೆದರು. ಇಂದಿನ ಪಠ್ಯಪುಸ್ತಕಗಳು ಕಾರ್ಬನ್ ಡೈಆಕ್ಸೈಡ್ ಎಂದು ಕರೆಯುವ ಇಂಗಾಲಾಮ್ಲ ವಾಯುವಿನ ಶೇಕಡಾ ಪ್ರಮಾಣ ಬೆಟ್ಟದ ಮೇಲೆ ಒಂದು ಬಗೆ, ಗಣಿಯಲ್ಲಿ ಇನ್ನೊಂದು ಬಗೆ ಇತ್ತು. ಭೌತಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಡಾಲ್ಟನ್ನನ ನಿಯಮವನ್ನು ನೆನೆಯಬೇಕು. ಮಿಶ್ರಣದಲ್ಲಿರುವ ಅನಿಲವೊಂದರ ಪಾಲನ್ನು ಒಟ್ಟು ಒತ್ತಡದಿಂದ ಗುಣಿಸಿದರೆ ಆ ಅನಿಲದ ಆಂಶಿಕ ಒತ್ತಡ ಬರುತ್ತದೆ. ಹೀಗೆ ಗುಣಿಸಿ ನೋಡಿದಾಗ ಬೆಟ್ಟವಾಗಲಿ ಗಣಿಯಾಗಲಿ, ಫಲ ಹೆಚ್ಚು ಕಡಮೆ ಒಂದೇ: ಪಾದರಸದ ಸುಮಾರು ೪೦ ಮಿಲಿಮೀಟರ್. ಆಮ್ಲಜನಕದ ಒತ್ತಡ ಹೀಗೆ ಸ್ಥಿರವಾಗಿರಲಿಲ್ಲ; ಅದು ಸ್ಥಳದಿಂದ ಸ್ಥಳಕ್ಕೆ ಏರಿಳಿಯುತ್ತಿತ್ತು. ಅಷ್ಟೇ ಅಲ್ಲ, ಗಾಳಿಗೂಡಿನಲ್ಲಿ ಇಂಗಾಲಾಮ್ಲ ವಾಯು ನೂರಕ್ಕೆ ೦.೨ರಷ್ಟು ಹೆಚ್ಚಿದರೆ ಸಾಕು, ವಿಶ್ರಾಂತಿಯಲ್ಲಿರುವ ಮನುಷ್ಯನ ಗಾಳಿಗೂಡುಗಳಿಗೆ ಹೋಗುವ ಗಾಳಿ ಇಮ್ಮಡಿಯಾಗುತ್ತದೆ ಎಂದು ಅವರು ೧೯೦೫ರ ತಮ್ಮ ಲೇಖನದಲ್ಲಿ ಬರೆದರು. ಇಷ್ಟು ಸೂಕ್ಷ್ಮವಾದ ಅಳತೆಗಾರ ನಮ್ಮ ಪ್ರಯೋಗಶಾಲೆಗಳ ಬೀರುಗಳಲ್ಲಿ ಹುಡುಕಿದರೂ ಸುಲಭವಾಗಿ ಸಿಕ್ಕಲಾರ.

ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟನ್ನು ಬಿಚ್ಚಿ ನೋಡಿದವರಿಗೆ ಇಲ್ಲಿನ ತಂತ್ರ ಹೊಸದೆನಿಸದು. ಕಾವು ಹೆಚ್ಚಿದರೆ ಪಟ್ಟಿ ಬಾಗಿ ವಿದ್ಯುತ್ತನ್ನು ಕಡಿಯುತ್ತದೆ, ತಗ್ಗಿದರೆ ಕೂಡಿಸುತ್ತದೆ. ಇಲ್ಲಿ ಕಾವಿಗೆ ಬದಲಾಗಿ ಇಂಗಾಲಾಮ್ಲ ವಾಯು. ಅದು ಹೆಚ್ಚಿದರೆ ಉಸಿರು ಬಿರುಸಾಗಿ ಅದನ್ನು ಹೊರದೂಡುತ್ತದೆ. ಕಡಮೆಯಾದರೆ ಉಸಿರು ಮೆಲ್ಲಗಾಗಿ ಅದು ಮತ್ತೆ ಕೂಡುತ್ತದೆ. ಮೆಡುಲ್ಲಾ ಅದನ್ನು ಅಳೆಯುವ ರೀತಿ ಸೊಗಸಾಗಿದೆ. ರಕ್ತದಲ್ಲಿ ಕರಗಿರುವ ಅನೇಕ ವಸ್ತುಗಳನ್ನು ಮಿದುಳಿನೊಳಕ್ಕೆ ಬಿಡದಂತೆ ತಡೆಯುವ ಒಂದು ಬೇಲಿ ರಕ್ತನಾಳಗಳ ಗೋಡೆಯಲ್ಲಿದೆ. ಆಮ್ಲದ ಕಣಗಳು ಅದನ್ನು ಸುಲಭವಾಗಿ ದಾಟಲಾರವು. ಇಂಗಾಲಾಮ್ಲ ವಾಯುವಾದರೋ ಬೇಲಿಯೇ ಇಲ್ಲವೆಂಬಂತೆ ನುಸುಳಿ ಹೋಗುತ್ತದೆ. ಆಚೆಯ ದ್ರವದಲ್ಲಿ ನೀರಿನೊಡನೆ ಸೇರಿ ಅದು ಆಮ್ಲವಾಗುತ್ತದೆ. ಹಾಗೆ ಆಗುವುದರಿಂದಲೇ ಅದಕ್ಕೆ ಹಿಂದಿನವರು ಆ ಹೆಸರನ್ನು ಕೊಟ್ಟದ್ದು. ಮೆಡುಲ್ಲಾದ ಕೆಳಮೈಯ ಹತ್ತಿರವಿರುವ ಕೆಲವು ನರಕೋಶಗಳು ಈ ಹುಳಿಯನ್ನು ಅರಿತು ತಾಳದ ಕೋಶಗಳನ್ನು ಎಚ್ಚರಿಸುತ್ತವೆ. ಕಣಜಕ್ಕೆ ಬಂದ ಕಾಳನ್ನು ಎಣಿಸದೆ, ಹೊರಗೆ ಬಿದ್ದ ಹೊಟ್ಟನ್ನು ಅಳೆದು ಮನೆಯ ಲೆಕ್ಕವನ್ನಿಡುವ ಕಾವಲುಗಾರನಂತೆ ಇವುಗಳ ಕೆಲಸ.

ಶ್ವಾಸಕೋಶದಿಂದಲೂ ವೇಗಸ್ ನರದ ಮೂಲಕ ಮೆಡುಲ್ಲಾಕ್ಕೆ ಸುದ್ದಿ ಹೋಗುತ್ತದೆ. ‘ಚೀಲ ತುಂಬಿತು, ಇನ್ನು ಸಾಕು’ ಎಂಬ ಸುದ್ದಿಯನ್ನು ೧೮೬೮ರಲ್ಲಿ ಹೆರಿಂಗ್ ಮತ್ತು ಬ್ರಾಯರ್ ಕಂಡುಹಿಡಿದರು. ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳ ಪಕ್ಕದಲ್ಲಿ ದ್ರವ ಒಸರಿ ನಿಂತಾಗ ಕೆರಳುವ ನರತುದಿಗಳನ್ನು ಕಂಡುಹಿಡಿದವರು ನಮ್ಮ ದೇಶದವರೇ ಆದ ಅವತಾರ್ ಸಿಂಗ್ ಪೈಂಟಲ್. ದೆಹಲಿಯಲ್ಲಿ ದೀರ್ಘಕಾಲ ಕೆಲಸ ಮಾಡಿದವರು. ಓಡಲು ತೊಡಗಿದವನ ಉಸಿರು, ಇಂಗಾಲಾಮ್ಲ ವಾಯು ಹೆಚ್ಚುವುದಕ್ಕೆ ಮೊದಲೇ, ಮೊದಲ ಹೆಜ್ಜೆಯೊಡನೆಯೇ ಹೆಚ್ಚುವುದೂ ಉಂಟು. ಕಾಲುಗಳಿಂದ ಬರುವ ಸುದ್ದಿ, ಮಿದುಳು ಮುಂದಾಗಿ ಕೊಡುವ ಸೂಚನೆ ಎರಡೂ ಇದರಲ್ಲಿ ಸೇರಿವೆ. ಆದರೆ ಯಾವುದರ ಪಾಲು ಎಷ್ಟೆಂಬುದರಲ್ಲಿ ವಿಜ್ಞಾನಿಗಳಿಗೆ ಇನ್ನೂ ಒಮ್ಮತವಿಲ್ಲ. ಇವೆಲ್ಲ ಇದ್ದರೂ ಮುಖ್ಯ ಲೆಕ್ಕಪತ್ರ ಇಂಗಾಲಾಮ್ಲ ವಾಯುವಿನದೇ.

ಈ ಲೆಕ್ಕವನ್ನು ಓದುವುದರಲ್ಲಿ ವೈದ್ಯರೇ ಎಡವಿದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ೧೯೫೨ರ ಬೇಸಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಹರಡಿತು. ಭಾರತವನ್ನು ಪೋಲಿಯೋ ಮುಕ್ತವೆಂದು ೨೦೧೪ರಲ್ಲಿ ಘೋಷಿಸಲಾಯಿತಾದುದರಿಂದ ಇಂದಿನ ವಿದ್ಯಾರ್ಥಿಗಳಿಗೆ ಆ ರೋಗದ ಭೀಕರತೆ ತಿಳಿದಿರಲಾರದು. ಅದರ ವೈರಸ್ಸು ಸ್ನಾಯುಗಳಿಗೆ ಅಪ್ಪಣೆಯನ್ನೊಯ್ಯುವ ನರಕೋಶಗಳನ್ನೇ ಕೊಲ್ಲುತ್ತದೆ. ಕತ್ತಿನ ಖಂಡಗಳಿಗೂ ಮೆಡುಲ್ಲಾಕ್ಕೂ ಅದು ಏರಿದರೆ ಉಸಿರಾಟವೇ ಸೋಲುತ್ತದೆ. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಗೆ ಮೊದಲ ಕೆಲವು ವಾರಗಳಲ್ಲಿ ಬಂದ ಇಂಥ ೩೧ ಮಂದಿ ರೋಗಿಗಳಲ್ಲಿ ೨೭ ಮಂದಿ ತೀರಿಕೊಂಡರು. ಸಾಯುವ ಮುನ್ನ ಅವರ ರಕ್ತದಲ್ಲಿ ಇಂಗಾಲಾಮ್ಲ ವಾಯುವಿನ ಒಟ್ಟು ಮೊತ್ತ ವಿಪರೀತ ಏರಿರುತ್ತಿತ್ತು. ಅದು ರಕ್ತದಲ್ಲಿ ಬಹುಪಾಲು ಬೈಕಾರ್ಬನೇಟಿನ ರೂಪದಲ್ಲಿರುವುದರಿಂದ, ರಕ್ತ ಕ್ಷಾರವಾಗುತ್ತಿದೆ, ರೋಗವೇ ಅದಕ್ಕೆ ಕಾರಣ ಎಂದು ವೈದ್ಯರು ಅರ್ಥ ಮಾಡಿದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯನು ಇದನ್ನು ಒಪ್ಪಲಿಲ್ಲ. ರಕ್ತ ಕ್ಷಾರವಾಗುತ್ತಿಲ್ಲ, ಹುಳಿಯಾಗುತ್ತಿದೆ. ಸಾಕಷ್ಟು ಗಾಳಿಯಾಡದೆ ಇಂಗಾಲಾಮ್ಲ ವಾಯು ಒಳಗೇ ಕಟ್ಟಿಕೊಂಡಿದೆ ಎಂದು ಅವನು ವಾದಿಸಿದನು. ಆಗಸ್ಟ್ ೨೭ರಂದು ೧೨ ವರ್ಷದ ಹುಡುಗಿಯೊಬ್ಬಳು ಇನ್ನೇನು ಸಾಯುವ ಸ್ಥಿತಿಯಲ್ಲಿದ್ದಳು. ಅವಳ ಗಂಟಲಲ್ಲಿ ರಂಧ್ರ ಮಾಡಿ, ಕೊಳವೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಹಿಚುಕಿ ಗಾಳಿಯೂಡಿದನು. ಕಟ್ಟಿಕೊಂಡಿದ್ದ ವಾಯು ಹೊರಟುಹೋಯಿತು, ರಕ್ತ ಸರಿಹೋಯಿತು, ಹುಡುಗಿ ಉಳಿದಳು.

ಆದರೆ ರೋಗಿಗಳು ಹಲವರು, ಯಂತ್ರಗಳಿಲ್ಲ. ಆಗ ವೈದ್ಯಕೀಯ ಮತ್ತು ದಂತವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳನ್ನು ಕರೆದರು. ಸುಮಾರು ೧,೫೦೦ ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲೂ ರಾತ್ರಿಯೂ ರೋಗಿಗಳ ತಲೆಯ ಬಳಿ ಕುಳಿತು, ತಿಂಗಳುಗಟ್ಟಲೆ, ಚೀಲಗಳನ್ನು ಹಿಚುಕಿದರು. ಒಂದು ಸಮಯದಲ್ಲಿ ಎಪ್ಪತ್ತು ಮಂದಿ ರೋಗಿಗಳ ಉಸಿರು ಹೀಗೆ ವಿದ್ಯಾರ್ಥಿಗಳ ಕೈಯಲ್ಲಿತ್ತು. ನೂರಕ್ಕೆ ೮೦ನ್ನು ಮೀರಿದ್ದ ಸಾವು ೪೦ರ ಆಸುಪಾಸಿಗೆ ಇಳಿಯಿತು. ಕೆಲವು ಸಾವಿರ ನರಕೋಶಗಳು ಸದ್ದಿಲ್ಲದೆ ಮಾಡುವ ಕೆಲಸಕ್ಕೆ ಎಷ್ಟು ಜನ ಬೇಕಾಯಿತೆಂಬುದನ್ನು ನೋಡಿ. ಇಂದಿನ ಆಸ್ಪತ್ರೆಗಳ ತೀವ್ರನಿಗಾ ಘಟಕಗಳು ಹುಟ್ಟಿದ್ದು ಅಲ್ಲಿಂದ.

ಹಾಗಾದರೆ ಆಮ್ಲಜನಕವನ್ನು ನೋಡಿಕೊಳ್ಳುವವರೇ ಇಲ್ಲವೆ? ಇದ್ದಾರೆ. ಕುತ್ತಿಗೆಯ ಎರಡು ಕಡೆಯೂ ಕೆರೋಟಿಡ್ ಧಮನಿ ಕವಲೊಡೆಯುವ ಎಡೆಯಲ್ಲಿ ಅಕ್ಕಿಯ ಕಾಳಿನಷ್ಟು ಚಿಕ್ಕದಾದ ಒಂದೊಂದು ಗಂಟಿದೆ. ಇವು ರಕ್ತದ ಆಮ್ಲಜನಕವನ್ನು ಅರಿತು ಮೆಡುಲ್ಲಾಕ್ಕೆ ಸುದ್ದಿ ಕಳುಹಿಸುತ್ತವೆ. ಇದನ್ನು ವಿವರಿಸಿದ್ದಕ್ಕಾಗಿ ಬೆಲ್ಜಿಯಮ್ಮಿನ ಕಾರ್ನೇಲ್ ಹೇಮನ್ಸ್‌ಗೆ ೧೯೩೮ನೆಯ ವರ್ಷದ ನೊಬೆಲ್ ಬಹುಮಾನ ಸಂದಿತು. ಆದರೆ ಈ ಕಾವಲುಗಾರ ತುಸು ಸೋಮಾರಿ. ಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ಸಾಧಾರಣವಾಗಿ ಪಾದರಸದ ೧೦೦ ಮಿಲಿಮೀಟರಿನ ಹತ್ತಿರವಿರುತ್ತದೆ. ಅದು ಸುಮಾರು ೬೦ಕ್ಕೆ ಇಳಿಯುವ ತನಕ ಇವನು ಜೋರಾಗಿ ಕೂಗುವುದಿಲ್ಲ. ಇದಕ್ಕೆ ಕಾರಣವಿಲ್ಲದೆ ಇಲ್ಲ. ೧೦೦ ಮಿಲಿಮೀಟರಿನಲ್ಲಿ ಹಿಮೋಗ್ಲೋಬಿನ್ ನೂರಕ್ಕೆ ೯೭ರಷ್ಟು ತುಂಬಿದ್ದರೆ, ೬೦ರಲ್ಲಿಯೂ ೯೦ರಷ್ಟು ತುಂಬಿಯೇ ಇರುತ್ತದೆ. ಅಲ್ಲಿಯವರೆಗೆ ಗಾಬರಿ ಅನಾವಶ್ಯಕ. ಮೇಲಾಗಿ ನೆಲದ ಮೇಲೆ ಬದುಕುವ ಪ್ರಾಣಿಗೆ ಆಮ್ಲಜನಕ ಇಳಿಯುವುದೂ ಇಂಗಾಲಾಮ್ಲ ವಾಯು ಏರುವುದೂ ಜೊತೆಜೊತೆಯಾಗಿಯೇ ನಡೆಯುತ್ತವೆ. ಒಂದನ್ನು ಕಾದರೆ ಇನ್ನೊಂದನ್ನೂ ಕಾದಂತೆಯೇ. ನಿಸರ್ಗದ ಏರ್ಪಾಡು ಅವಿವೇಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಮನುಷ್ಯ ತನ್ನ ಜಾಣ್ಮೆಯಿಂದ ಈ ಜೋಡಿಯನ್ನು ಬಿಡಿಸಿದಾಗ ಅಪಾಯ ಒದಗುತ್ತದೆ.

೧೮೭೫ರ ಏಪ್ರಿಲ್ ೧೫ರಂದು ಪ್ಯಾರಿಸ್ಸಿನಿಂದ ‘ಜೆನಿತ್’ ಎಂಬ ವಾಯುಗೋಳ ಮೇಲೇರಿತು. ಅದರಲ್ಲಿ ಟಿಸ್ಸಾಂಡಿಯೆ, ಸಿವೆಲ್ ಮತ್ತು ಕ್ರೋಸೆ-ಸ್ಪಿನೆಲ್ಲಿ ಎಂಬ ಮೂವರಿದ್ದರು. ಮೇಲಣ ಗಾಳಿ ತೆಳುವೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆಮ್ಲಜನಕ ಬೆರೆಸಿದ ಗಾಳಿಯ ಚೀಲಗಳನ್ನು ಜೊತೆಗೇ ಒಯ್ದಿದ್ದರು. ಅದು ಸಾಲದೆಂದು ಶರೀರವಿಜ್ಞಾನಿ ಪಾಲ್ ಬೆರ್ ಪತ್ರ ಬರೆದಿದ್ದರೂ ಅದು ಸಕಾಲಕ್ಕೆ ತಲಪಲಿಲ್ಲ. ಇರುವುದು ಸ್ವಲ್ಪವಾದುದರಿಂದ, ನಿಜವಾಗಿ ಬೇಕೆನಿಸುವವರೆಗೆ ಅದನ್ನು ಮುಟ್ಟಬಾರದೆಂದು ಮೂವರೂ ನಿಶ್ಚಯಿಸಿದ್ದರು. ಆದರೆ ಆ ಬೇಕೆನಿಸುವಿಕೆ ಬರಲೇ ಇಲ್ಲ. ಬದುಕಿ ಬಂದ ಟಿಸ್ಸಾಂಡಿಯೆ ಬರೆದಿರುವಂತೆ, ಮೇಲೇರಿದಂತೆಲ್ಲ ಅವನಿಗೆ ನೋವಿರಲಿಲ್ಲ, ಉಸಿರು ಕಟ್ಟಲಿಲ್ಲ. ಬದಲಾಗಿ ಒಳಗೊಳಗೇ ಒಂದು ಸಂತೋಷವುಂಟಾಯಿತು. ಆಮ್ಲಜನಕದ ಕೊಳವೆಯನ್ನು ಹಿಡಿಯಬೇಕೆಂದು ಹೊಳೆದಾಗ ತೋಳು ಏಳಲಿಲ್ಲ. ಎಂಟು ಸಾವಿರ ಮೀಟರು ಏರಿದೆವೆಂದು ಕೂಗಬೇಕೆನಿಸಿದಾಗ ನಾಲಗೆ ಹೊರಳಲಿಲ್ಲ. ಅವನು ಮೂರ್ಛೆ ಹೋದನು. ವಾಯುಗೋಳ ಸುಮಾರು ೮,೬೦೦ ಮೀಟರಿನವರೆಗೆ ಏರಿ ಇಳಿದು ಬಂದಾಗ ಉಳಿದಿಬ್ಬರೂ ಸತ್ತಿದ್ದರು.

ಆ ಎತ್ತರದಲ್ಲಿ ವಾಯುವಿನ ಒತ್ತಡ ನೆಲದ ಮೇಲಿನದರ ಮೂರನೆಯ ಒಂದು ಪಾಲು. ಕುತ್ತಿಗೆಯ ಕಾವಲುಗಾರ ಕೂಗಿ ಉಸಿರನ್ನು ಹೆಚ್ಚಿಸಿದನೆಂಬುದೇನೋ ನಿಜ. ಆದರೆ ಉಸಿರು ಹೆಚ್ಚಿದಂತೆ ಇಂಗಾಲಾಮ್ಲ ವಾಯು ತೊಳೆದುಹೋಯಿತು. ಅದು ಕಡಮೆಯಾದುದನ್ನು ಕಂಡ ಮೆಡುಲ್ಲಾ ‘ಇಷ್ಟೊಂದು ಉಸಿರೇಕೆ, ಸಾಕು’ ಎಂದು ತಡೆಯಿತು. ಇಬ್ಬರು ಕಾವಲುಗಾರರೂ ಒಬ್ಬರ ಮಾತನ್ನೊಬ್ಬರು ಅಳಿಸಿಹಾಕಿದರು. ಇಂದು ವಿಮಾನದಲ್ಲಿ ಹಾರುವಾಗ, ‘ಮೊದಲು ನಿಮ್ಮ ಮುಸುಕನ್ನು ಕಟ್ಟಿಕೊಳ್ಳಿ, ಆಮೇಲೆ ಮಕ್ಕಳಿಗೆ ಕಟ್ಟಿ’ ಎಂದು ಗಗನಸಖಿಯರು ಹೇಳುವುದು ಇದಕ್ಕಾಗಿಯೇ. ಉಸಿರು ಕಟ್ಟಲಿ ಎಂದು ಕಾದವನಿಗೆ ಮತ್ತೆ ಅವಕಾಶವಿಲ್ಲ.

ನೆಲದ ಮೇಲೆಯೂ ಇಂಥ ಸ್ಥಳಗಳುಂಟು. ಉತ್ತರ ಕರ್ನಾಟಕದಲ್ಲಿ ಜೋಳ ತುಂಬಿಡುವ ಹಗೇವನ್ನು ತೆರೆದ ಕೂಡಲೇ ಹಿರಿಯರು ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಬಾಯ್ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಉರಿಯುವ ಲಾಂದ್ರವನ್ನು ಇಳಿಬಿಟ್ಟು ನೋಡುತ್ತಿದ್ದರು. ಕಾಳೂ ಜೀವವುಳ್ಳದ್ದೇ, ಅದೂ ಉಸಿರಾಡಿ ಒಳಗೆ ಇಂಗಾಲಾಮ್ಲ ವಾಯುವನ್ನು ತುಂಬಿರುತ್ತದೆ. ಅಲ್ಲಿ ಇಳಿದವನಿಗೆ ಉಬ್ಬಸ ಬಂದೇ ಬರುತ್ತದೆ, ಆದರೆ ಆ ವಾಯು ಅತಿಯಾಗಿದ್ದರೆ ಮೇಲೆ ಹತ್ತುವ ಮೊದಲೇ ಎಚ್ಚರ ತಪ್ಪುತ್ತದೆ. ಬಹುಕಾಲ ಮುಚ್ಚಿಟ್ಟ ಕಬ್ಬಿಣದ ತೊಟ್ಟಿ ಇದಕ್ಕಿಂತ ಮೋಸದ್ದು. ತುಕ್ಕು ಒಳಗಿನ ಆಮ್ಲಜನಕವನ್ನೆಲ್ಲ ನುಂಗಿರುತ್ತದೆ. ಇಂಗಾಲಾಮ್ಲ ವಾಯು ಮಾತ್ರ ಇರುವುದಿಲ್ಲ. ಇಳಿದವನಿಗೆ ಉಬ್ಬಸವೂ ಇಲ್ಲ, ಸೂಚನೆಯೂ ಇಲ್ಲ.

ಇಲ್ಲಿಯವರೆಗೆ ನಾವು ಹೇಳಿದುದೆಲ್ಲ ನಮ್ಮ ಇಚ್ಛೆಗೆ ಹೊರತಾದ ವ್ಯವಸ್ಥೆ. ಆದರೆ ಬೇಕೆಂದಾಗ ಉಸಿರನ್ನು ನಾವು ಬಿಗಿಹಿಡಿಯಬಲ್ಲೆವು, ಊದಬಲ್ಲೆವು, ಮಾತಾಗಿ ಹೊರಡಿಸಬಲ್ಲೆವು. ಸುಮ್ಮನಿದ್ದವನನ್ನು ‘ಉಸಿರೆತ್ತಲಿಲ್ಲ’ ಎಂದು ಕನ್ನಡದಲ್ಲಿ ಹೇಳುವುದು ಶರೀರವಿಜ್ಞಾನಕ್ಕೂ ಒಪ್ಪುವ ಮಾತು. ಈ ಇಚ್ಛೆಯ ಅಪ್ಪಣೆ ದೊಡ್ಡ ಮಿದುಳಿನ ಹೊರಪದರದಿಂದ ಹೊರಟು, ಮೆಡುಲ್ಲಾದ ತಾಳಗಾರರನ್ನು ಕೇಳದೆಯೇ, ಬೇರೊಂದು ದಾರಿಯಿಂದ ಮಿದುಳುಬಳ್ಳಿಗೆ ಇಳಿಯಬಲ್ಲದು. ಅಂದರೆ ಒಂದೇ ವಪೆಗೆ ಇಬ್ಬರು ಒಡೆಯರು.

ಇವೆರಡೂ ಬೇರೆ ಬೇರೆ ದಾರಿಗಳೆಂಬುದು ಕೆಲವರ ದುರದೃಷ್ಟದಿಂದ ಪ್ರಕಟವಾಯಿತು. ಸಹಿಸಲಾಗದ ನೋವನ್ನು ನಿಲ್ಲಿಸಲೆಂದು ಕತ್ತಿನ ಮೇಲ್ಭಾಗದಲ್ಲಿ ಮಿದುಳುಬಳ್ಳಿಯ ಕೆಲವು ತಂತುಗಳನ್ನು ಕೊಯ್ಯಿಸಿಕೊಂಡ ರೋಗಿಗಳನ್ನು ಕುರಿತು ೧೯೬೨ರಲ್ಲಿ ಅಮೆರಿಕದ ಸೆವರಿಂಗ್‌ಹೌಸ್ ಮತ್ತು ಮಿಚೆಲ್ ಬರೆದರು. ಎಚ್ಚರವಿರುವಾಗ ‘ಉಸಿರಾಡಿ’ ಎಂದರೆ ಅವರು ಉಸಿರಾಡುತ್ತಿದ್ದರು. ನಿದ್ದೆ ಬಂದರೆ ಉಸಿರು ನಿಲ್ಲುತ್ತಿತ್ತು. ಹುಟ್ಟಿನಿಂದಲೇ ಇಂಥ ಕೊರತೆಯಿರುವ ಮಕ್ಕಳೂ ಅಪೂರ್ವವಾಗಿ ಇದ್ದಾರೆ. ಇದಕ್ಕೆ ಕಾರಣವಾದ ವಂಶವಾಹಿಯನ್ನು ೨೦೦೩ರಲ್ಲಿ ಗುರುತಿಸಲಾಯಿತು. ಆ ಮಕ್ಕಳ ಮೆಡುಲ್ಲಾಕ್ಕೆ ಇಂಗಾಲಾಮ್ಲ ವಾಯುವಿನ ಹುಳಿ ತಿಳಿಯುವುದೇ ಇಲ್ಲ. ರಾತ್ರಿಯಾದರೆ ಉಸಿರಾಟದ ಯಂತ್ರವನ್ನು ಜೋಡಿಸಿಯೇ ಮಲಗಿಸಬೇಕು; ಒಂದು ರಾತ್ರಿಯೂ ಅದನ್ನು ಮರೆಯುವಂತಿಲ್ಲ. ಇನ್ನೊಂದು ಎಚ್ಚರಿಕೆಯನ್ನೂ ವೈದ್ಯರು ಅವರ ತಾಯಿತಂದೆಗಳಿಗೆ ಹೇಳುತ್ತಾರೆ: ಈ ಮಕ್ಕಳನ್ನು ನೀರಿನಲ್ಲಿ ಮುಳುಗುವ ಪಂದ್ಯಗಳಿಗೆ ಬಿಡಬೇಡಿ. ಅವರಿಗೆ ಉಸಿರು ಕಟ್ಟಿದ ಅನುಭವವೇ ಆಗದು. ಮುಳುಗಿದವರು ಹಾಯಾಗಿ ಮುಳುಗಿಯೇ ಇರುತ್ತಾರೆ.

ಬಾವಿಯ ಪಂದ್ಯದ ನಮ್ಮ ಜಾಣನು ಮಾಡಿಕೊಂಡದ್ದು ಇದನ್ನೇ. ಹತ್ತಿಪ್ಪತ್ತು ಸಲ ರಭಸದಿಂದ ಉಸಿರಾಡಿ ಅವನು ಆರೋಗ್ಯವಂತವಾದ ತನ್ನ ಕಾವಲುಗಾರನನ್ನು ಕೆಲವು ನಿಮಿಷಗಳ ಮಟ್ಟಿಗೆ ಕುರುಡನನ್ನಾಗಿ ಮಾಡಿದನು. ಲೆಕ್ಕ ಹಾಕಿ ನೋಡಿರಿ. ಅವನ ಹಿಮೋಗ್ಲೋಬಿನ್ ಮೊದಲೇ ನೂರಕ್ಕೆ ೯೭ರಷ್ಟು ತುಂಬಿತ್ತು; ಎಷ್ಟು ಉಸಿರಾಡಿದರೂ ಮೂರಕ್ಕಿಂತ ಹೆಚ್ಚು ಅಲ್ಲಿ ಸೇರಲಾರದು. ಶ್ವಾಸಕೋಶದೊಳಗಿನ ಗಾಳಿಯಲ್ಲಿ ಆಮ್ಲಜನಕ ತುಸು ಹೆಚ್ಚಾಗಿರಬಹುದು, ಅಷ್ಟೆ. ಆದರೆ ಇಂಗಾಲಾಮ್ಲ ವಾಯುವಿನ ಒತ್ತಡ ೪೦ರಿಂದ ೨೦-೨೫ಕ್ಕೆ ಇಳಿದುಹೋಗುತ್ತದೆ. ಆಗ ತಲೆ ಹಗುರವಾದಂತೆ, ಬೆರಳ ತುದಿಗಳು ಜುಮ್ಮೆಂದಂತೆ ಆಗುವುದು ಇದರಿಂದಲೇ. ಸಾಧಾರಣವಾಗಿ ಆ ಒತ್ತಡ ೫೦ರ ಆಸುಪಾಸಿಗೆ ಏರಿದಾಗ ಉಸಿರನ್ನು ಬಿಗಿಹಿಡಿಯಲು ಆಗದೆ ನಾವು ಬಾಯ್ತೆರೆಯುತ್ತೇವೆ. ಎದೆ ಅಲುಗದೆ ನಿಂತಿರುವುದೂ ಆ ಸಂಕಟಕ್ಕೆ ಒಂದು ಕಾರಣವೆಂದು ಫೌಲರ್ ೧೯೫೪ರಲ್ಲಿ ತೋರಿಸಿದನು: ಬಿಗಿಹಿಡಿದು ಸೋತವರಿಗೆ, ರಕ್ತದ ಸ್ಥಿತಿಯನ್ನು ಏನೂ ಸುಧಾರಿಸದಂಥ ಕೆಟ್ಟ ಗಾಳಿಯನ್ನೇ ಕೆಲವು ಸಲ ಉಸಿರಾಡಲು ಕೊಟ್ಟರೂ ಅವರು ಮತ್ತೆ ಸ್ವಲ್ಪ ಹೊತ್ತು ತಡೆಯಬಲ್ಲವರಾದರು. ಆದರೂ ಸಂಕಟವನ್ನು ಏರಿಸುತ್ತ ಹೋಗುವ ಮುಖ್ಯ ಶಕ್ತಿ ಇಂಗಾಲಾಮ್ಲ ವಾಯುವೇ. ೪೦ರಿಂದ ೫೦ಕ್ಕೆ ಏರುವುದಕ್ಕೂ ೨೦ರಿಂದ ೫೦ಕ್ಕೆ ಏರುವುದಕ್ಕೂ ಹಿಡಿಯುವ ಕಾಲದಲ್ಲಿ ಎಷ್ಟು ಅಂತರವೆಂಬುದನ್ನು ಹೇಳಬೇಕಾಗಿಲ್ಲ.

ಈ ಅವಧಿಯಲ್ಲಿ ಆಮ್ಲಜನಕ ಮಾತ್ರ ಖರ್ಚಾಗುತ್ತಲೇ ಇದೆ. ಕೈಕಾಲು ಬಡಿಯುತ್ತ ನೀರಿನೊಳಗೆ ಈಜುತ್ತಿದ್ದರೆ ಇನ್ನೂ ಬೇಗ ಖರ್ಚಾಗುತ್ತದೆ. ಕುತ್ತಿಗೆಯ ಕಾವಲುಗಾರ ಕೂಗುತ್ತಾನೆ. ಆದರೆ ಇಂಗಾಲಾಮ್ಲ ವಾಯು ಕಡಮೆಯಿರುವಾಗ ಅವನ ಕೂಗಿಗೆ ಬಲವಿಲ್ಲ. ಬಾವಿ ಆಳವಾಗಿದ್ದರೆ ಇನ್ನೊಂದು ಕುತ್ತು ಕಾದಿದೆ. ಐದು ಮೀಟರು ಆಳದಲ್ಲಿ ಒಟ್ಟು ಒತ್ತಡ ಒಂದೂವರೆ ವಾಯುಭಾರ. ಅಲ್ಲಿ ಆಮ್ಲಜನಕದ ಆಂಶಿಕ ಒತ್ತಡವೂ ಅದೇ ಪ್ರಮಾಣದಲ್ಲಿ ಹೆಚ್ಚಿರುತ್ತದೆ. ಮೇಲಕ್ಕೆ ಬರತೊಡಗಿದಂತೆ ಅದು ಮೂರನೆಯ ಒಂದು ಪಾಲು ಒಮ್ಮೆಗೇ ಕುಸಿಯುತ್ತದೆ. ಆಮ್ಲಜನಕದ ಒತ್ತಡ ೩೦ಕ್ಕಿಂತ ಕೆಳಗೆ ಬಂದಾಗ, ಉಸಿರಾಡಬೇಕೆಂಬ ತೀವ್ರ ಬಯಕೆ ಹುಟ್ಟುವುದಕ್ಕೆ ಮೊದಲೇ, ಪ್ರಜ್ಞೆ ತಪ್ಪುತ್ತದೆ. ಈಜುಕೊಳಗಳಲ್ಲಿ ಹೀಗೆ ಮೂರ್ಛೆ ಹೋದವರ ಹಲವು ಉದಾಹರಣೆಗಳನ್ನು ಕೂಡಿಸಿ ಅಮೆರಿಕದ ಆಲ್ಬರ್ಟ್ ಕ್ರೇಗ್ ೧೯೬೧ರಲ್ಲಿ ಪ್ರಕಟಿಸಿದನು. ಅವರಲ್ಲಿ ಬಹುಮಂದಿ ಚೆನ್ನಾಗಿ ಈಜಬಲ್ಲವರು.

ಪ್ರಜ್ಞೆ ತಪ್ಪಿದೊಡನೆ ಇಚ್ಛೆಯ ಒಡೆಯ ಹಿಡಿದಿದ್ದ ಬಿಗಿ ಸಡಿಲುತ್ತದೆ. ಮೆಡುಲ್ಲಾದ ತಾಳಗಾರರು ತಮ್ಮ ಕೆಲಸವನ್ನು ತಪ್ಪದೆ ಮತ್ತೆ ಆರಂಭಿಸುತ್ತಾರೆ, ವಪೆ ಇಳಿಯುತ್ತದೆ, ಎದೆಯೊಳಕ್ಕೆ ಬರುವುದು ನೀರು. ಇದರಲ್ಲಿ ಕೂಗಾಟವಿಲ್ಲ, ಒದ್ದಾಟವಿಲ್ಲ. ದಡದಲ್ಲಿ ಎಣಿಸುತ್ತಿರುವವರಿಗೆ, ಮುಳುಗಿದವನು ಪಂದ್ಯವನ್ನು ಗೆಲ್ಲುತ್ತಿರುವಂತೆಯೇ ಕಾಣುತ್ತಾನೆ. ಅವನು ಅಲುಗದಿರುವುದನ್ನು ಕಂಡ ಕ್ಷಣವೇ ಎಣಿಕೆಯನ್ನು ಬಿಟ್ಟು ಅವನನ್ನು ಮೇಲಕ್ಕೆ ಎಳೆದು, ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಗಾಳಿಯೂದಬೇಕು. ಆಮ್ಲಜನಕವಿಲ್ಲದೆ ಮಿದುಳು ತಡೆಯಬಲ್ಲುದು ಕೆಲವೇ ನಿಮಿಷಗಳು. ಅವುಗಳಲ್ಲಿ ಎಷ್ಟನ್ನು ನೀರಿನೊಳಗೆ ಆಗಲೇ ಕಳೆದಿದ್ದಾನೆಂಬುದು ದಡದ ಮೇಲಿನವರಿಗೆ ತಿಳಿಯದು.